ಲೆಕ್ಕಕ್ಕೆ ಬಾರದ ಹಿಡಿತ

ಹತ್ತು ಸೀಸನ್, 111 ಸ್ಯಾಕ್. ಆರನ್ ಡೊನಾಲ್ಡ್ ಹೆಸರು ಬಂದರೆ ಅಮೆರಿಕನ್ ಫುಟ್‌ಬಾಲ್ ಪ್ರಿಯರು ಮೊದಲು ಒಪ್ಪಿಸುವ ಲೆಕ್ಕ ಇದು. ಚೆಂಡು ಕೈಬಿಡುವ ಮೊದಲೇ ಎದುರಾಳಿ ತಂಡದ ಎಸೆತಗಾರ ಕ್ವಾರ್ಟರ್‌ಬ್ಯಾಕ್‌ನನ್ನು ಆಟ ಶುರುವಾದ ಗೆರೆಯ ಹಿಂದೆಯೇ ಕೆಡವಿದರೆ ಸ್ಯಾಕ್. ಡೊನಾಲ್ಡ್‌ನ ಅತಿ ದೊಡ್ಡ ಹಿಡಿತ ಮಾತ್ರ ಈ 111ರಲ್ಲಿ ಇಲ್ಲ.

ಪಿಟ್ಸ್‌ಬರ್ಗ್‌ನ ಹುಡುಗ, ಓದಿದ್ದೂ ಆಡಿದ್ದೂ ಅಲ್ಲಿನ ವಿಶ್ವವಿದ್ಯಾಲಯದಲ್ಲೇ. ಎತ್ತರ ಆರಡಿ ಒಂದಂಗುಲ, ತೂಕ ಸುಮಾರು 127 ಕಿಲೊ. ನಮಗೆ ಇದು ದೈತ್ಯ ದೇಹ. ಆದರೆ ರಕ್ಷಣಾ ಸಾಲಿನ ನಡುವೆ ನಿಲ್ಲುವ ಡಿಫೆನ್ಸಿವ್ ಟ್ಯಾಕಲ್ ಜಾಗಕ್ಕೆ ಕುಳ್ಳು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ 2014ರ ಡ್ರಾಫ್ಟ್‌ನಲ್ಲಿ ಅವನ ಸರದಿ ಬಂದದ್ದು 13ನೆಯದಾಗಿ, ರ್‍ಯಾಮ್ಸ್ ತಂಡಕ್ಕೆ. ಕುಸ್ತಿ ಅಖಾಡ ಕಂಡವರಿಗೆ ಇಲ್ಲಿನ ಎಡವಟ್ಟು ತಟ್ಟನೆ ಹೊಳೆಯುತ್ತದೆ: ತಗ್ಗಿ ನುಗ್ಗುವವನ ಕೈಯೇ ಮೇಲು. ತಡೆಯಲು ನಿಂತ ಎದುರಿನ ಗಾರ್ಡ್ ಆರಡಿ ನಾಲ್ಕಂಗುಲದ ಮೈಯನ್ನು ಬಗ್ಗಿಸುವಷ್ಟರಲ್ಲಿ ಡೊನಾಲ್ಡ್ ಅವನ ಎದೆಯಡಿ ಸೇರಿರುತ್ತಿದ್ದ. ಇನ್ನು ಕೈಚಳಕ! ತರಬೇತುದಾರ ನಕಲಿ ಚಾಕು ಹಿಡಿದು ಎರಗುತ್ತಿದ್ದರೆ ಇವನು ಅದನ್ನು ಬಡಿದು ಸರಿಸುತ್ತಾ ಅಭ್ಯಾಸ ಮಾಡುತ್ತಿದ್ದ. ಪಂದ್ಯದಲ್ಲಿ ಚಾಕುವಿನ ಜಾಗಕ್ಕೆ ಗಾರ್ಡ್‌ನ ಮುಂಗೈ ಬರುತ್ತಿತ್ತು, ಅಷ್ಟೇ.

2018ರಲ್ಲಿ 20.5 ಸ್ಯಾಕ್. ಇಬ್ಬರು ಕೂಡಿ ಕೆಡವಿದರೆ ತಲಾ ಅರ್ಧ, ಅದಕ್ಕೇ ಆ ಅರೆ. ಅಂಚಿನಿಂದ ಓಡಿಬರುವವರಿಗೆ ಇಂಥ ಅಂಕಿ ಸಿಕ್ಕೀತು. ನಡುಸಾಲಿನಲ್ಲಿ ಇಬ್ಬರಿಬ್ಬರು ಮೇಲೆ ಬಿದ್ದು ತಡೆಯುವಾಗ ಇದು ಅತಿರೇಕವೇ ಸರಿ. 2017, 2018, 2020ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ. ಆಡಿದ ಹತ್ತೂ ಸೀಸನ್ನಿನಲ್ಲಿ ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆ.

ಇನ್ನು ಆ ಹಿಡಿತ. 2022ರ ಫೆಬ್ರುವರಿ 13, ಸೀಸನ್ನಿನ ಅಂತಿಮ ಪಂದ್ಯ ಸೂಪರ್ ಬೌಲ್. ರ್‍ಯಾಮ್ಸ್ 23, ಬೆಂಗಾಲ್ಸ್ 20. ನಿಮಿಷವೂ ಉಳಿದಿಲ್ಲ, ಬೆಂಗಾಲ್ಸ್‌ಗೆ ಮತ್ತೆ ನಾಲ್ಕು ಯತ್ನ ಗಿಟ್ಟಿಸಲು ಬೇಕಿದ್ದದ್ದು ಒಂದೇ ಗಜ. ಮೂರನೇ ಯತ್ನದಲ್ಲಿ ಚೆಂಡು ಹಿಡಿದು ನುಗ್ಗಿದವನನ್ನು ಡೊನಾಲ್ಡ್ ಇದ್ದಲ್ಲೇ ಜಗ್ಗಿ ನಿಲ್ಲಿಸಿದ. ನಾಲ್ಕನೆಯದರಲ್ಲಿ ಗಾರ್ಡ್‌ನನ್ನು ದಾಟಿ ಒಳಗೆ ಸೇರಿ ಕ್ವಾರ್ಟರ್‌ಬ್ಯಾಕ್ ಜೋ ಬರೋನನ್ನು ಹಿಡಿದು ಗಿರ್ರನೆ ತಿರುಗಿಸಿದ. ಬೀಳುತ್ತಲೇ ಬರೋ ಚೆಂಡನ್ನು ಹೇಗೋ ತೂರಿದ; ಅದು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು. ಚೆಂಡು ಕೈಬಿಟ್ಟಾಗಿತ್ತಲ್ಲ, ಹಾಗಾಗಿ ಸ್ಯಾಕ್ ಅಲ್ಲ. ದಾಖಲೆಯಲ್ಲಿ ಅದು ಬರೀ ಗುರಿ ತಪ್ಪಿದ ಎಸೆತ. ಡೊನಾಲ್ಡ್ ಹೆಲ್ಮೆಟ್ ಕಿತ್ತು ಗೆದ್ದವರಿಗೆ ಸಿಗುವ ಉಂಗುರದ ಬೆರಳು ತೋರಿಸುತ್ತಾ ಓಡಿದ. ಪಂದ್ಯಶ್ರೇಷ್ಠ ಪ್ರಶಸ್ತಿ ಅದೇ ತಂಡಕ್ಕಾಗಿ ಕ್ಯಾಚ್‌ಗಳನ್ನು ಹಿಡಿದ ಕೂಪರ್ ಕಪ್‌ಗೆ ಹೋಯಿತು. ಕಪ್ ಚೆನ್ನಾಗಿಯೇ ಆಡಿದ್ದ, ತಕರಾರಿಲ್ಲ. ಆದರೂ ನನ್ನ ಮತ ಡೊನಾಲ್ಡ್‌ಗೇ.

2024ರ ಮಾರ್ಚ್‌ನಲ್ಲಿ, ಮೈಯಲ್ಲಿ ಇನ್ನೂ ಕಸುವಿರುವಾಗಲೇ ಅವನು ಆಟ ಬಿಟ್ಟ. ಮರುತಿಂಗಳ ಡ್ರಾಫ್ಟ್‌ನಲ್ಲಿ ರ್‍ಯಾಮ್ಸ್ ತನ್ನ ಮೊದಲೆರಡು ಆಯ್ಕೆಗಳನ್ನೂ ಕ್ವಾರ್ಟರ್‌ಬ್ಯಾಕ್ ಬೇಟೆಗಾರರ ಮೇಲೇ ಸುರಿಯಿತು: ಜೇರೆಡ್ ವರ್ಸ್, ಬ್ರೇಡನ್ ಫಿಸ್ಕ್.