‘ಮತ್ತೆ ಎಂತ ಆಯ್ತು?’: ಯೂರಿ ಮಾಂಗಾ ಕಥಾಸಂಕಲನಗಳು ನಿಲ್ಲುವ ಜಾಗ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಮಂಡನೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದೆ.)

ನನ್ನ ಸ್ವರ ಕೇಳ್ತಾ ಉಂಟಲ್ವಾ? ಸರಿ. ಕಾಸರಗೋಡಿನಲ್ಲಿ ಜೋರು ಮಳೆ. ಕರೆಂಟು ಹೋದರೆ ಮೊಬೈಲಿನಿಂದ ಮತ್ತೆ ಸೇರಿಕೊಳ್ತೇನೆ.

ನನ್ನ ಮಂಡನೆ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿಗೆ ಒಂದು ಜಪಾನೀ ಚಿತ್ರಕಥೆಗಳ ಸಂಕಲನವನ್ನು ಓದಲು ಕೊಟ್ಟಿದ್ದೆ. ಇಂಗ್ಲಿಷ್ ಅನುವಾದ. ಹೆಣ್ಣು ಹೆಣ್ಣನ್ನು ಪ್ರೀತಿಸುವ ಸಣ್ಣಕಥೆಗಳು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದಳು. ಬೆಳಿಗ್ಗೆ ಪುಸ್ತಕ ನನ್ನ ಹಾಸಿಗೆಯ ಮೇಲಿಟ್ಟು, ‘ಎಲ್ಲ ಚಂದ ಉಂಟು. ಮತ್ತೆ ಎಂತ ಆಯ್ತು ಮಾರಾಯ್ತಿ?’ ಅಂತ ಕೇಳಿದಳು. ಯಾವ ಕಥೆಯಲ್ಲಿ ಅಂತ ನಾನು ಕೇಳಿದೆ. ‘ಎಲ್ಲದರಲ್ಲಿಯೂ’ ಅಂದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅರ್ಧ ಉತ್ತರ ಉಂಟು, ಅದನ್ನು ನಿಮ್ಮ ಮುಂದೆ ಇಡ್ತೇನೆ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಮಾಂಗಾ ಅಂದರೆ ಜಪಾನಿನ ಚಿತ್ರಕಥೆ. ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಸ್ತಕಗಳಲ್ಲಿ ಮುಖಪುಟ ಇರುವ ಕಡೆಗೆ ಅಲ್ಲಿ ಕಥೆ ಮುಗೀತದೆ. ಹೆಣ್ಣುಗಳ ನಡುವಿನ ಪ್ರೀತಿಯನ್ನು ವಸ್ತುವಾಗಿ ಉಳ್ಳ ಮಾಂಗಾಕ್ಕೆ ‘ಯೂರಿ’ ಅನ್ನುತ್ತಾರೆ. ಆ ಪದದ ಅರ್ಥ ಲಿಲ್ಲಿ ಹೂವು. 1976ರಲ್ಲಿ ‘ಬಾರಾಜೋಕು’ ಎಂಬ ಪತ್ರಿಕೆಯ ಸಂಪಾದಕ ಇತೋ ಬುಂಗಾಕು ತಮ್ಮ ಓದುಗ ಹೆಂಗಸರನ್ನು ‘ಲಿಲ್ಲಿಯ ಬಳಗ’ ಎಂಬ ಅರ್ಥದಲ್ಲಿ ‘ಯೂರಿಜೋಕು’ ಅಂತ ಕರೆದರು. ಅಲ್ಲಿಂದ ಆ ಪದ ಹಬ್ಬಿತು. ಬಾರಾಜೋಕು ಗಂಡಸರನ್ನು ಪ್ರೀತಿಸುವ ಗಂಡಸರ ಪತ್ರಿಕೆ, ಅದರ ಹೆಸರಿನ ಅರ್ಥ ‘ಗುಲಾಬಿಯ ಬಳಗ’.

1. ಹೂವಿನ ಕಥೆಗಳು

ಹೂವು ಮತ್ತು ಸಣ್ಣಕಥೆಯ ಈ ನಂಟು ಮಾಂಗಾಕ್ಕಿಂತ ಹಳೆಯದು. ಯೋಶಿಯಾ ನೊಬುಕೊ (1896–1973) 1916ರಲ್ಲಿ ‘ಶೋಜೊ ಗಾಹೋ’ ಎಂಬ ಹುಡುಗಿಯರ ಪತ್ರಿಕೆಯಲ್ಲಿ ‘ಹಾನಾ ಮೊನೊಗಾತಾರಿ’, ಅಂದರೆ ‘ಹೂವಿನ ಕಥೆಗಳು’, ಎಂಬ ಗದ್ಯಕಥಾಮಾಲೆ ಶುರುಮಾಡಿದರು. ಒಟ್ಟು 52 ಕಥೆ, ಒಂದೊಂದಕ್ಕೂ ಒಂದೊಂದು ಹೂವಿನ ಹೆಸರು. ಅವುಗಳಲ್ಲಿ ಹುಡುಗಿಯರ ಶಾಲೆ, ಹಾಸ್ಟೆಲು, ಮೇಲಿನ ತರಗತಿಯ ಅಕ್ಕ, ಅವಳನ್ನೇ ನೋಡ್ತಾ ಕೂತ ಕಿರಿಯಳು ಮತ್ತೆ ಮತ್ತೆ ಬರುತ್ತಾರೆ. ಈ ಸಂಬಂಧಕ್ಕೆ ಆ ಕಾಲದಲ್ಲಿ ‘ಎಸ್’ ಎಂದೇ ಹೆಸರಿತ್ತು, ಇಂಗ್ಲಿಷಿನ ‘ಸಿಸ್ಟರ್’ ಪದದ ಮೊದಲ ಅಕ್ಷರ. ಸಮಾಜ ಅದನ್ನು ಸಹಿಸಿಕೊಂಡದ್ದು ಒಂದು ಲೆಕ್ಕಾಚಾರದ ಮೇಲೆ: ಶಾಲೆ ಮುಗೀತದೆ, ಮದುವೆ ಆಗ್ತದೆ, ಇದೂ ಮುಗೀತದೆ. ಆದ್ದರಿಂದ ಈ ಕಥೆಗಳಲ್ಲಿ ಹಲವು ಅಗಲಿಕೆಯಲ್ಲಿ ನಿಲ್ಲುತ್ತವೆ.

ಇಲ್ಲಿ ನನ್ನ ಗೆಳತಿಯ ಪ್ರಶ್ನೆಯನ್ನು ಲೇಖಕಿಯ ಬದುಕಿಗೇ ಕೇಳಿ ನೋಡಿ. ಯೋಶಿಯಾ 1923ರಲ್ಲಿ ಮೊನ್ಮಾ ಚಿಯೊ ಎಂಬ ಗಣಿತದ ಅಧ್ಯಾಪಕಿಯನ್ನು ಭೇಟಿಯಾದರು. ಇಬ್ಬರ ಸಂಗಾತ ಯೋಶಿಯಾ ತೀರಿಕೊಳ್ಳುವವರೆಗೆ, ಸುಮಾರು 50 ವರ್ಷ, ಇತ್ತು. 1957ರಲ್ಲಿ ಯೋಶಿಯಾ ಚಿಯೊ ಅವರನ್ನು ಕಾನೂನುಬದ್ಧವಾಗಿ ಮಗಳಾಗಿ ದತ್ತು ತೆಗೆದುಕೊಂಡರು. ಜಪಾನಿನಲ್ಲಿ ವಯಸ್ಕರನ್ನೂ ದತ್ತು ತೆಗೆದುಕೊಳ್ಳಬಹುದು. ಇಬ್ಬರು ಹೆಂಗಸರು ಕಾಗದದ ಮೇಲೆ ಒಂದೇ ಕುಟುಂಬ ಆಗಲು ಇದ್ದ ದಾರಿ ಅದು.

ಅಂದರೆ ಕಥೆಗಳಲ್ಲಿ ಅಗಲಿಕೆ ಬರೆದ ಕೈಯೇ ಬದುಕಿನಲ್ಲಿ ಅರ್ಧ ಶತಮಾನದ ಮನೆವಾರ್ತೆ ನಡೆಸಿತು. ಆ ಮನೆವಾರ್ತೆಗೆ ಹುಡುಗಿಯರ ಪತ್ರಿಕೆಯ ಕಥೆಯಲ್ಲಿ ಜಾಗ ಇರಲಿಲ್ಲ. ಕಥೆ ಎಲ್ಲಿ ನಿಲ್ಲಬೇಕು ಎಂಬುದನ್ನು ಲೇಖಕಿಯ ಅನುಭವ ಒಂದೇ ತೀರ್ಮಾನ ಮಾಡುವುದಿಲ್ಲ. ಪತ್ರಿಕೆ, ಓದುವ ವಯಸ್ಸು, ಆ ಕಾಲ ಎಲ್ಲ ಸೇರಿ ಮಾಡ್ತವೆ. ಇದನ್ನು ಇಟ್ಟುಕೊಂಡು ಮುಂದೆ ಹೋಗುವ.

2. ಒಂದು ಸಾವು, ಆಮೇಲೆ ಒಂದು ಪತ್ರಿಕೆ

ಮೊದಲ ಯೂರಿ ಮಾಂಗಾ ಎಂದು ಸಾಮಾನ್ಯವಾಗಿ ಹೆಸರಿಸುವುದು ಯಾಮಾಗಿಶಿ ರ್ಯೋಕೊ ಅವರ ‘ಶಿರೊಯ್ ಹೇಯಾ ನೊ ಫುತಾರಿ’ಯನ್ನು. ‘ಬಿಳಿ ಕೋಣೆಯ ಇಬ್ಬರು’ ಅಂತ ಅರ್ಥ. 1971ರದ್ದು. ಫ್ರಾನ್ಸಿನ ಒಂದು ಹಾಸ್ಟೆಲ್ ಶಾಲೆಯಲ್ಲಿ ನಡೆಯುವ ಕಥೆ. ಕೊನೆಗೆ ಇಬ್ಬರಲ್ಲಿ ಒಬ್ಬಳು ಸಾಯುತ್ತಾಳೆ. ಅಲ್ಲಿಂದ ಬಹಳ ಕಾಲ ಈ ಬಗೆಯ ಪ್ರೀತಿಗೆ ಸಾವು, ಮದುವೆ, ಬೇರ್ಪಡಿಕೆ ಬಿಟ್ಟು ಬೇರೆ ಕೊನೆ ಸಿಕ್ಕಿದ್ದು ಕಡಿಮೆ.

2003ರಲ್ಲಿ ‘ಯೂರಿ ಶಿಮಾಯ್’, ಅದು ನಿಂತ ಮೇಲೆ 2005ರಲ್ಲಿ ‘ಯೂರಿ ಹಿಮೆ’, ಹೀಗೆ ಈ ವಸ್ತುವಿಗೇ ಮೀಸಲಾದ ಪತ್ರಿಕೆಗಳು ಬಂದವು. ಬಿಡಿ ಕಥೆಗಳು ಮೊದಲು ಪತ್ರಿಕೆಯಲ್ಲಿ ಬರ್ತವೆ, ಆಮೇಲೆ ಅವನ್ನು ಜೋಡಿಸಿ ಒಬ್ಬ ಲೇಖಕಿಯ ಸಂಕಲನ ಮಾಡ್ತಾರೆ. ನಾನು ಹೇಳ್ಬೇಕೂಂತ ಇರುವ ಮುಖ್ಯ ಮಾತು ಇದು: ಸಂಕಲನವನ್ನು ಒಂದು ರೂಪವಾಗಿ ಓದಬೇಕು. ಬಿಡಿಕಥೆಯಾಗಿ ಓದುವಾಗ ‘ಮತ್ತೆ ಎಂತ ಆಯ್ತು’ ಎಂಬುದಕ್ಕೆ ಉತ್ತರ ಇರುವುದಿಲ್ಲ. ಸಂಕಲನವಾಗಿ ಓದುವಾಗ ಆ ಪ್ರಶ್ನೆಯನ್ನು ಪುಸ್ತಕ ಏನು ಮಾಡಿತು ಅಂತ ಕಾಣ್ತದೆ. ಮೂರು ಪುಸ್ತಕ ತಗೊಳ್ಳುವ.

3. ಮೂರು ಸಂಕಲನ, ಮೂರು ಉತ್ತರ

ಮೊದಲನೆಯದು ಮೊರಿನಾಗಾ ಮಿರುಕು ಅವರ ‘ಕುಚಿಬಿರು ತಾಮೆಯ್ಕಿ ಸಾಕುರಾಯ್ರೊ’. ಕನ್ನಡದಲ್ಲಿ ‘ತುಟಿ, ನಿಟ್ಟುಸಿರು, ಚೆರಿ ಹೂವಿನ ಬಣ್ಣ’ ಅನ್ನಬಹುದು. ಮೇಲೆ ಹೇಳಿದ ಎರಡೂ ಪತ್ರಿಕೆಗಳಲ್ಲಿ ಬಂದ ಕಥೆಗಳು. ಒಂದು ಹುಡುಗಿಯರ ಹೈಸ್ಕೂಲನ್ನು ಸುತ್ತಿಕೊಂಡು ಇವೆ. ಒಂದು ಕಥೆ ಮುತ್ತಿನಲ್ಲಿ ನಿಂತರೆ ಮುಂದಿನದು ಬೇರೆ ಜೋಡಿಗೆ ಹಾರ್ತದೆ. ಆದರೆ ನಾನಾ ಮತ್ತು ಹಿತೊಮಿ ಎಂಬ ಬಾಲ್ಯದ ಗೆಳತಿಯರು ಮಾತ್ರ ನಡುವೆ ಮರಳಿ ಬರುತ್ತಾರೆ. ಹೈಸ್ಕೂಲಿಗೆ ಬೇರೆ ಬೇರೆ ಕಡೆ ಹೋದವರು ಇವರು. ಇಲ್ಲಿ ಉತ್ತರ ಸಿಗುವುದು ಕಂತುಕಂತಾಗಿ. ಬೇರೆಯವರ ಕಥೆ ಓದ್ತಾ ಇರುವಾಗ ಇವರಿಬ್ಬರ ಬದುಕು ಪುಟದ ಆಚೆ ನಡೀತಾ ಇತ್ತು ಅಂತ ನಮಗೆ ಗೊತ್ತಾಗ್ತದೆ. ಹಳೆಯ ‘ಎಸ್’ ಕಥೆಯ ಶಾಲೆಯೇ ಇಲ್ಲಿಯೂ ಉಂಟು. ಆದರೆ ಶಾಲೆಯ ಕೊನೆಯ ದಿನ ಪ್ರೀತಿಯ ಕೊನೆಯ ದಿನ ಆಗಲೇಬೇಕು ಎಂಬ ಹಠ ಇಲ್ಲ.

ಎರಡನೆಯದು ಮೊರಿಶಿಮಾ ಅಕಿಕೊ ಅವರ 2007ರ ‘ರಾಕುಎನ್ ನೊ ಜೋಕೆನ್’, ‘ಸ್ವರ್ಗದ ಷರತ್ತುಗಳು’. ಇಂಗ್ಲಿಷಿಗೆ ಬಂದದ್ದು 2020ರಲ್ಲಿ. ನನಗೆ ಮೂರರಲ್ಲಿ ಇದೇ ಹೆಚ್ಚು ಮುಖ್ಯ. ಶೀರ್ಷಿಕೆಯ ಕಥೆಯಲ್ಲಿ ಇಬ್ಬರು ಬಹಳ ವರ್ಷಗಳ ಗೆಳತಿಯರು. ಸಾರಿನಾ ಆಫೀಸಿಗೆ ಹೋಗುವವಳು. ಸುಮಿ ಊರೂರು ಸುತ್ತಿ ಬರೆಯುವ ಸ್ವತಂತ್ರ ಲೇಖಕಿ. ಸಮವಸ್ತ್ರ ಇಲ್ಲ, ಪರೀಕ್ಷೆ ಇಲ್ಲ, ಬೀಳ್ಕೊಡುಗೆ ಸಮಾರಂಭ ಇಲ್ಲ. ದುಡಿಯುವ ಹೆಂಗಸರ ಕಥೆಯಲ್ಲಿ ‘ಇದು ಪ್ರಾಯದ ಹುಚ್ಚು, ಹೋಗ್ತದೆ’ ಅನ್ನುವ ಅವಕಾಶವೇ ಯಾರಿಗೂ ಸಿಗುವುದಿಲ್ಲ. ಯೋಶಿಯಾ ಅವರ ಕಥೆಗಳು ಮುಗಿಯುತ್ತಿದ್ದ ವಯಸ್ಸನ್ನು ದಾಟಿ ಈ ಕಥೆ ಶುರುವಾಗ್ತದೆ. ಒಬ್ಬಳು ಹೋಗ್ತಾಳೆ, ಒಬ್ಬಳು ಇರ್ತಾಳೆ, ಹೋದವಳು ಬರ್ತಾಳೆ. ಈ ಹೋಗಿ ಬರುವುದರಲ್ಲೇ ಸಂಬಂಧ ಉಂಟು.

ಮೂರನೆಯದು 2016ರ ‘ಎಕ್ಲೇರ್’. ಹಲವು ಕಲಾವಿದರು ಸೇರಿ ಮಾಡಿದ ಸಂಕಲನ, 2018ರಲ್ಲಿ ಇಂಗ್ಲಿಷಿಗೆ ಬಂತು. ಆಮೇಲೆ ಬಣ್ಣದ ಹೆಸರು ಸೇರಿಸಿಕೊಂಡು ಇನ್ನೂ ಹಲವು ಸಂಪುಟ ಬಂದವು. ನನ್ನ ತಕರಾರು ಇರುವುದು ಈ ಬಗೆಯ ಪುಸ್ತಕದ ಮೇಲೆ. ರೇಖೆ ಚಂದ, ಒಂದೊಂದು ಕಥೆಯೂ ನಾಜೂಕು. ಆದರೆ ಒಬ್ಬರು ನಿಲ್ಲಿಸಿದ ಕೂಡಲೇ ಇನ್ನೊಬ್ಬರ ಮೊದಲ ಪುಟ ಬರ್ತದೆ, ಇನ್ನೊಂದು ಜೋಡಿ, ಇನ್ನೊಂದು ಎದೆಬಡಿತ. ‘ಮತ್ತೆ ಎಂತ ಆಯ್ತು’ ಅಂತ ಕೇಳಲು ನಮಗೆ ಪುರುಸೊತ್ತೇ ಕೊಡುವುದಿಲ್ಲ. ಹೇಳಿಕೊಳ್ಳುವ ಗಳಿಗೆಯನ್ನೇ ಹತ್ತು ಸಲ ಓದಿದರೆ ಈ ಪ್ರೀತಿ ಅಂದರೆ ಬರೀ ಹೇಳಿಕೊಳ್ಳುವುದು ಎಂಬ ಭಾವನೆ ಬರ್ತದೆ. ಗೆಳತಿಗೆ ನಾನು ಆ ದಿನ ಕೊಟ್ಟದ್ದು ಇದೇ ಪುಸ್ತಕ.

ಅದರ ಪರವಾಗಿ ಒಂದು ಮಾತು ಹೇಳಬೇಕು. ಇಂಥ ಸಂಕಲನದಲ್ಲಿ ಯಾವ ಜೋಡಿಯೂ ‘ಮಾದರಿ’ ಆಗಬೇಕಾಗಿಲ್ಲ. 1971ರ ಆ ಒಂದು ಕೃತಿಯ ಮೇಲೆ ಎಷ್ಟು ಭಾರ ಬಿತ್ತು ನೋಡಿ: ಆ ಹುಡುಗಿ ಸತ್ತದ್ದು ಇಡೀ ಪ್ರಕಾರದ ಹಣೆಬರಹದ ಹಾಗೆ ಆಯ್ತು. ಹತ್ತು ಕಥೆ ಇದ್ದಲ್ಲಿ ಒಂದರಲ್ಲಿ ಜಗಳ, ಒಂದರಲ್ಲಿ ನಗು, ಒಂದರಲ್ಲಿ ಏನೂ ಆಗದೇ ಇರುವುದು, ಎಲ್ಲಕ್ಕೂ ಜಾಗ ಉಂಟು.

4. ‘ಇಷ್ಟ’ ಎಂಬ ಮಾತು

ನಾವು ಇವನ್ನು ಇಂಗ್ಲಿಷಿನಲ್ಲಿ ಓದ್ತೇವೆ. ಅಲ್ಲಿ ಕನ್ನಡದವರಿಗೆ ಮಾತ್ರ ಹತ್ತಿರವಾಗುವ ಒಂದು ಸಂಗತಿ ಕಳೆದುಹೋಗ್ತದೆ. ಈ ಕಥೆಗಳ ತಿರುವು ಹೆಚ್ಚಾಗಿ ನಿಂತಿರುವುದು ‘ಸುಕಿ’ ಎಂಬ ಒಂದು ಜಪಾನೀ ಪದದ ಮೇಲೆ. ಮಾವಿನಹಣ್ಣೂ ‘ಸುಕಿ’, ಗೆಳತಿಯೂ ‘ಸುಕಿ’, ಪ್ರಾಣಕ್ಕಿಂತ ಹೆಚ್ಚಾದವಳೂ ‘ಸುಕಿ’. ಹೇಳಿದವಳು ಯಾವ ಅರ್ಥದಲ್ಲಿ ಹೇಳಿದಳು, ಕೇಳಿದವಳು ಯಾವ ಅರ್ಥದಲ್ಲಿ ಕೇಳಿದಳು ಎಂಬ ಸಂದಿನಲ್ಲೇ ಕಥೆ ನಡೆಯುವುದು. ಇಂಗ್ಲಿಷ್ ಅನುವಾದಕರು ‘ಲೈಕ್’ ಅನ್ನಬೇಕು ಅಥವಾ ‘ಲವ್’ ಅನ್ನಬೇಕು. ಒಂದನ್ನು ಆರಿಸಿದ ಕೂಡಲೇ ಗುಟ್ಟು ರಟ್ಟಾಯ್ತು.

ನಮ್ಮಲ್ಲಿ ‘ಇಷ್ಟ’ ಉಂಟಲ್ಲ! ‘ನೀನಂದ್ರೆ ನಂಗೆ ಇಷ್ಟ.’ ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಗೆಳತಿಗೆ ಹೇಳಬಹುದು, ಯಾರೂ ತಿರುಗಿ ನೋಡುವುದಿಲ್ಲ. ಅದೇ ಮಾತನ್ನು ಇನ್ನೊಂದು ಅರ್ಥದಲ್ಲಿ ಹೇಳಿದರೂ ಯಾರೂ ತಿರುಗಿ ನೋಡುವುದಿಲ್ಲ. ಅದು ಅನುಕೂಲವೂ ಹೌದು, ಕಷ್ಟವೂ ಹೌದು. ಹೀಗೇ ‘ಒನೇಸಾಮಾ’ ಎಂಬ ಸಂಬೋಧನೆ. ‘ಎಸ್’ ಕಥೆಗಳಲ್ಲಿ ಕಿರಿಯಳು ಹಿರಿಯಳನ್ನು ಕರೆಯುವುದು ಹಾಗೆ. ನಮ್ಮ ‘ಅಕ್ಕ’ ಅದಕ್ಕೆ ತೀರಾ ಹತ್ತಿರ. ಈ ಕಥೆಗಳನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ಇಂಗ್ಲಿಷ್ ಪುಟಕ್ಕಿಂತ ಕನ್ನಡ ಪುಟ ಮೂಲದ ಮೌನಕ್ಕೆ ಹತ್ತಿರ ಇರಬಹುದು ಅಂತ ನನ್ನ ನಂಬಿಕೆ.

5. ನಮ್ಮ ಮನೆಯ ಟಿ.ವಿ.

ಕಾಸರಗೋಡಿನ ಕನ್ನಡಿಗರ ಮನೆಯಲ್ಲಿ ಮಲಯಾಳ ಸಿನಿಮಾ ಬಾರದ ದಿನ ಇಲ್ಲ. ಪದ್ಮರಾಜನ್ ಅವರ 1986ರ ‘ದೇಶಾಡನಕ್ಕಿಳಿ ಕರಯಾರಿಲ್ಲ’ ನಾನು ಸಣ್ಣವಳಿರುವಾಗ ನೋಡಿದ್ದು. ಇಬ್ಬರು ಶಾಲೆಯ ಹುಡುಗಿಯರು ಓಡಿಹೋಗುತ್ತಾರೆ. ಅವರ ನಡುವೆ ಇರುವುದಕ್ಕೆ ಸಿನಿಮಾ ಹೆಸರು ಕೊಡುವುದಿಲ್ಲ. ಕೊನೆಗೆ ಇಬ್ಬರೂ ಸಾಯುತ್ತಾರೆ. ಜಪಾನಿನ 1971ಕ್ಕೂ ಇದಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ನಾನು ಹೇಳುವುದು ಇಷ್ಟೆ: ‘ಮತ್ತೆ ಎಂತ ಆಯ್ತು’ ಅಂತ ಕೇಳಿದ ನನ್ನ ಗೆಳತಿಯೂ ಇದೇ ಸಿನಿಮಾ ನೋಡಿ ಬೆಳೆದವಳು. ಅವಳಿಗೆ ಗೊತ್ತಿದ್ದ ‘ಮತ್ತೆ’ ಅದು. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಒಬ್ಬನೇ ವ್ಯಕ್ತಿ ಹಲವು ಕಥೆಗಳಲ್ಲಿ ಮರಳಿ ಬಂದು ಬದುಕುತ್ತಾ ಹೋಗುವ ಸಂಕಲನ ಅದು. ಆದರೆ ಅದು ಗಂಡಸರ ಲೋಕ. ಅವಳ ಕೈಗೆ ಕೊಡಲು ನನಗೆ ದೂರದ ಜಪಾನೇ ಸಿಕ್ಕಿತು.

ಚರ್ಚೆಯಿಂದ

ಪ್ರಶ್ನೆ (ಒಬ್ಬ ಪ್ರಾಧ್ಯಾಪಕರು): ಸಣ್ಣಕಥೆ ಅಂದ್ರೇನೇ ಒಂದು ಗಳಿಗೆ ಅಲ್ವೇನಮ್ಮಾ? ‘ಮುಂದೇನಾಯ್ತು’ ಅಂತ ಕೇಳೋದು ಕಾದಂಬರಿಗೆ ಕೇಳೋ ಪ್ರಶ್ನೆ. ನೀವು ಒಂದು ಪ್ರಕಾರಕ್ಕೆ ಇನ್ನೊಂದರ ಅಳತೆಗೋಲು ಹಿಡೀತಾ ಇದ್ದೀರಿ ಅನ್ಸತ್ತೆ.

ಉತ್ತರ: ಹೌದು ಸರ್, ಆ ಅಪಾಯ ಉಂಟು. ಎಲ್ಲ ಕಥೆಯೂ ಮುಂದಿನದನ್ನು ಹೇಳಬೇಕು ಅಂತ ನನ್ನ ವಾದ ಅಲ್ಲ. ಗಂಡು ಹೆಣ್ಣಿನ ಪ್ರೇಮಕಥೆ ಮುತ್ತಿನಲ್ಲಿ ನಿಂತರೆ ಮುಂದಿನದು ಓದುಗರಿಗೆ ಗೊತ್ತೇ ಇರ್ತದೆ: ನಿಶ್ಚಿತಾರ್ಥ, ಮದುವೆ, ರೇಶನ್ ಕಾರ್ಡು. ಲೋಕವೇ ಅದನ್ನು ಬರೆದಿಟ್ಟಿದೆ, ಕಥೆಗಾರರು ಬರೆಯಬೇಕಾಗಿಲ್ಲ. ಇಲ್ಲಿ ಹಾಗಿಲ್ಲ. ಟೋಕಿಯೊದ ಶಿಬುಯಾ ಮತ್ತು ಸೆತಗಾಯಾ ವಾರ್ಡುಗಳು ಜೊತೆಗಾರರಿಗೆ ಪ್ರಮಾಣಪತ್ರ ಕೊಡಲು ಶುರುಮಾಡಿದ್ದೇ 2015ರಲ್ಲಿ, ಅದೂ ಮದುವೆಯಲ್ಲ. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರ ತೀರ್ಪು ಅಪರಾಧದ ಹಣೆಪಟ್ಟಿ ತೆಗೆಯಿತು. 2023ರ ಅಕ್ಟೋಬರ್ 17ರ ತೀರ್ಪು ಮದುವೆಯ ಹಕ್ಕು ಕೊಡಲಿಲ್ಲ. ಹಾಗಾಗಿ ಕಥೆ ನಿಂತ ಜಾಗದಿಂದ ಮುಂದೆ ಓದುಗಳಿಗೆ ಕಾಣುವುದು ಖಾಲಿ. ಆ ಖಾಲಿ ಉಂಟು ಅಂತ ಗೊತ್ತಿದ್ದು ನಿಲ್ಲುವ ಸಂಕಲನ ಬೇರೆ, ಗೊತ್ತಿಲ್ಲದ ಹಾಗೆ ಮುಂದಿನ ಕಥೆಗೆ ಹಾರುವ ಸಂಕಲನ ಬೇರೆ. ವಿಮರ್ಶೆ ಅದನ್ನು ಗುರುತಿಸಬೇಕು ಅಂತ ಅಷ್ಟೆ.

ಪ್ರಶ್ನೆ (ಒಬ್ಬ ವಿದ್ಯಾರ್ಥಿನಿ): ಅಕ್ಕ, ನಿಮ್ಮ ಗೆಳತಿಗೆ ಆಮೇಲೆ ಉತ್ತರ ಹೇಳಿದ್ರಾ?

ಉತ್ತರ: ಇಲ್ಲ. ಅವಳು ಆ ಪ್ರಶ್ನೆ ಪುಸ್ತಕಕ್ಕೆ ಕೇಳಿದ್ದೋ ನನಗೆ ಕೇಳಿದ್ದೋ ಅಂತ ಆಗ ನನಗೆ ಅರ್ಥ ಆಗಲಿಲ್ಲ. ಪರೀಕ್ಷೆ ಮುಗಿಸಿ ಊರಿಗೆ ಹೋದಳು, ಮನೆಯಲ್ಲಿ ಹುಡುಗನನ್ನು ನೋಡಿದ್ದರು. ಹೋದ ತಿಂಗಳು ಅವಳಿಗೆ ಮೊರಿಶಿಮಾ ಅವರ ಪುಸ್ತಕ ಅಂಚೆಯಲ್ಲಿ ಕಳಿಸಿದ್ದೇನೆ. ತಲುಪಿದೆ ಅಂತ ಮೆಸೇಜ್ ಬಂತು, ಓದಿದ್ದಾಳೋ ಗೊತ್ತಿಲ್ಲ. ಸರಿ, ಸಮಯ ಆಯ್ತು ಅಂತ ಮೇಡಂ ಹೇಳ್ತಾ ಇದ್ದಾರೆ.