ತಂಪಾನೂರಿನ ಸುತ್ತುಗೋಪುರ, ಮಂಗಳೂರಿನ ಹಂಚು

ಕೊಚ್ಚಿಯ ವೈಟ್ಟಿಲದ ಮೊಬಿಲಿಟಿ ಹಬ್‌ನಲ್ಲಿ ತಿರುವನಂತಪುರದ ಬಸ್ಸು ಹತ್ತಿದರೆ ಸುಮಾರು 200 ಕಿಲೋಮೀಟರ್ ದಾಟಿ ತಂಪಾನೂರಿನಲ್ಲಿ ಇಳಿಯಬಹುದು. ನಿಲ್ದಾಣದ ಪಕ್ಕದಲ್ಲೇ ಇಟ್ಟಿಗೆ ಬಣ್ಣದ ದುಂಡನೆಯ ಗೋಪುರವೊಂದು ನಿಂತಿದೆ. ಅದು ಇಂಡಿಯನ್ ಕಾಫಿ ಹೌಸ್. ಕಟ್ಟಡ ನೋಡುವ ಹುಚ್ಚಿರುವ ಯಾರೇ ಕೇರಳಕ್ಕೆ ಬರಲಿ, ಅರಮನೆಗಳಿಗಿಂತ ಮೊದಲು ಇಲ್ಲಿಗೆ ಹೋಗಿ ಎನ್ನುತ್ತೇನೆ.

ಒಳಗೆ ಮಹಡಿಗಳೇ ಇಲ್ಲ. ಬಾಗಿಲಿನಿಂದ ಶುರುವಾದ ನೆಲ ಸುತ್ತುತ್ತ ಸುತ್ತುತ್ತ ಮೇಲೇರುತ್ತದೆ. ನಡುವಿನ ಕೊಳವೆಯಂಥ ಭಾಗದಲ್ಲಿ ಶೌಚಾಲಯ ಮೊದಲಾದ ಸೌಕರ್ಯಗಳು. ಹೊರಗೋಡೆಗೆ ಅಂಟಿಕೊಂಡಂತೆ ಗಾರೆಯಲ್ಲೇ ಕಟ್ಟಿದ ಮೇಜು, ಬೆಂಚುಗಳು. ನೆಲ ಇಳಿಜಾರಾದರೂ ಮೇಜು ಸಮತಟ್ಟು, ಹಾಗಾಗಿ ಕಾಫಿ ತುಳುಕುವುದಿಲ್ಲ. ಗೋಡೆಯ ತೂತುಗಳಿಂದ ಬೆಳಕೂ ಗಾಳಿಯೂ ಬರುತ್ತವೆ. ತುರಾಯಿ ಪೇಟದ ಮಾಣಿಗಳು ಬೀಟ್‌ರೂಟ್ ಪಲ್ಯ ತುಂಬಿದ ಮಸಾಲೆದೋಸೆ ಹಿಡಿದು ಈ ಇಳಿಜಾರಿನಲ್ಲಿ ಹತ್ತಿ ಇಳಿಯುತ್ತಲೇ ಇರುತ್ತಾರೆ. (ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸಗಾರರು ಕಟ್ಟಿಕೊಂಡ ಮೊದಲ ಸಹಕಾರ ಸಂಘ ಹುಟ್ಟಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ.) ಇಕ್ಕಟ್ಟಿನ ಜಾಗ, ಕಡಿಮೆ ಹಣ, ನಿಲ್ಲದ ಜನಸಂದಣಿ: ಈ ಮೂರಕ್ಕೂ ಇಷ್ಟು ನೇರವಾದ ಉತ್ತರ ಕೊಟ್ಟ ಕಟ್ಟಡವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನು ಕಟ್ಟಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, 2007ರಲ್ಲಿ ತಿರುವನಂತಪುರದಲ್ಲಿ ಭಾರತೀಯ ಪ್ರಜೆಯಾಗಿಯೇ ತೀರಿಕೊಂಡರು. ಯುದ್ಧಕಾಲದಲ್ಲಿ ಊರಿಗೆ ಮರಳುವ ಹಡಗಿಗಾಗಿ ಮುಂಬಯಿಯಲ್ಲಿ ಕಾಯುತ್ತಿದ್ದಾಗ ಗಾಂಧೀಜಿಯವರ ಪರಿಚಯವಾಯಿತು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯೊಳಗೇ ಸಿಗುವಂತಿರಬೇಕು ಎಂದು ಗಾಂಧೀಜಿ ಹೇಳಿದ ಮಾತು ತಮ್ಮ ಬದುಕಿನುದ್ದಕ್ಕೂ ಕೆಲಸ ಮಾಡಿತೆಂದು ಬೇಕರ್ ಹೇಳುತ್ತಿದ್ದರು. ಪತ್ನಿ ಎಲಿಜಬೆತ್ ಕೇರಳದವರು, ವೈದ್ಯೆ. ಇಬ್ಬರೂ ಹಿಮಾಲಯದ ಪಿತೋರಗಢದಲ್ಲಿ ಬಹುಕಾಲ ನೆಲೆಸಿ, ಆಮೇಲೆ ಕೇರಳಕ್ಕೆ ಬಂದರು.

ಬೇಕರ್ ಅವರನ್ನು ‘ಬಡವರ ವಾಸ್ತುಶಿಲ್ಪಿ’ ಎಂದು ಕರೆದು ಮುಗಿಸಿಬಿಡುವವರ ಮೇಲೆ ನನಗೆ ತಕರಾರಿದೆ. ಅವರ ಮನೆಗಳು ಅಗ್ಗವಾಗಿದ್ದವು, ನಿಜ. ಆದರೆ ಎಲ್ಲಿ ಏನು ಬೇಡ ಎಂದು ಅವರಷ್ಟು ಸೂಕ್ಷ್ಮವಾಗಿ ಬಲ್ಲವರು ಇಪ್ಪತ್ತನೆಯ ಶತಮಾನದಲ್ಲಿ ವಿರಳ. ಅವರ ಮನೆಗಳ ಚೆಲುವು ಬಂದದ್ದೇ ಆ ಬೇಡಗಳಿಂದ.

ಗೋಡೆಯನ್ನೇ ನೋಡಿ. ಒಂಬತ್ತಿಂಚಿನ ಗೋಡೆಗೆ ಮೇಸ್ತ್ರಿಗಳು ಇಟ್ಟಿಗೆಯನ್ನು ಮಲಗಿಸಿ ಇಡುತ್ತಾರೆ. ಬೇಕರ್ ಅದನ್ನು ಅಂಚಿನ ಮೇಲೆ ನಿಲ್ಲಿಸಿದರು: ಆಚೆಗೊಂದು, ಈಚೆಗೊಂದು, ನಡುವೆ ಟೊಳ್ಳು, ಎರಡನ್ನೂ ಹಿಡಿದಿಡಲು ಅಡ್ಡಲಾಗಿ ಮತ್ತೊಂದು. ರ್‍ಯಾಟ್ ಟ್ರ್ಯಾಪ್ ಬಾಂಡ್ ಎಂಬ ಈ ಕಟ್ಟಿನಿಂದ ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಗಿನ ಬಿಸಿಲನ್ನು ತಡೆಯುತ್ತದೆ. ಮೇಲೆ ಸಾರಣೆ ಇಲ್ಲ, ಬಣ್ಣವೂ ಇಲ್ಲ. ಕಿಟಕಿಯೂ ಹಾಗೆಯೇ. ಉದ್ದನೆಯ ಒಂದೇ ಹಲಗೆ, ಮೇಲೂ ಕೆಳಗೂ ತಿರುಗುಣಿ, ಚೌಕಟ್ಟಿಲ್ಲ, ಕೀಲಿಲ್ಲ. ದುಂಡು ಗೋಡೆಗಳನ್ನು ಅವರು ಅಷ್ಟೊಂದು ಮೆಚ್ಚಿದ್ದಕ್ಕೂ ಲೆಕ್ಕವಿದೆ. ಅಷ್ಟೇ ಜಾಗವನ್ನು ಸುತ್ತುವರಿಯಲು ಚೌಕಕ್ಕಿಂತ ವೃತ್ತಕ್ಕೆ ಕಡಿಮೆ ಗೋಡೆ ಸಾಕು.

ಕರಾವಳಿಯವರು ತಲೆಯೆತ್ತಿ ನೋಡಬೇಕಾದದ್ದು ಬೇಕರ್ ಅವರ ತಾರಸಿಯನ್ನು. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮೂರು ವರ್ಷದಲ್ಲಿ ಆಲ್ಬುಕರ್ಕ್ ಕಾರ್ಖಾನೆಯೂ ಬಂತು. ನೇತ್ರಾವತಿ ದಡದ ಜೇಡಿಮಣ್ಣಿನ ಕೆಂಪು ಹಂಚು ಅಲ್ಲಿಂದ ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿತು. ನೂರು ವರ್ಷದ ಬಳಿಕ ಆರ್‌ಸಿಸಿ ಬಂದಾಗ ಕಾಸರಗೋಡಿನಿಂದ ಕೊಲ್ಲದವರೆಗೂ ಜನ ಹಂಚನ್ನು ಇಳಿಸಿ ಕಾಂಕ್ರೀಟ್ ಹಾಕಿಸಿಕೊಂಡರು. ಹಂಚಿನ ಮನೆ ಹಳೆಯದು, ತಾರಸಿ ಮನೆ ಅಂತಸ್ತಿನದು ಎಂಬ ನಂಬಿಕೆ ಬೇರೂರಿತು.

ಬೇಕರ್ ಆ ಹಂಚನ್ನು ಕಾಂಕ್ರೀಟಿನ ಒಳಗೇ ಇಟ್ಟರು. ತಾರಸಿ ಭಾರಕ್ಕೆ ಬಾಗುವಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಹಿಗ್ಗುವಿಕೆಯನ್ನು ತಾಳುವುದು ಕಬ್ಬಿಣದ ಸರಳುಗಳು. ಅಲ್ಲಿನ ಕಾಂಕ್ರೀಟು ಬಹುಮಟ್ಟಿಗೆ ವ್ಯರ್ಥ ಭಾರ. ಅದರ ಬದಲು, ಮಾರಾಟಕ್ಕೆ ಒಗ್ಗದ ಎರಡನೇ ದರ್ಜೆಯ ಹಂಚುಗಳನ್ನು ಸರಳುಗಳ ನಡುವೆ ಜೋಡಿಸಿಟ್ಟರೆ ಸಿಮೆಂಟು ಉಳಿಯುತ್ತದೆ, ಭಾರ ಇಳಿಯುತ್ತದೆ, ಭಾರ ಇಳಿದದ್ದರಿಂದ ಕಬ್ಬಿಣವೂ ಕಡಿಮೆ ಸಾಕಾಗುತ್ತದೆ. ಎರಡು ಹಂಚಿನ ನಡುವೆ ಉಳಿದ ಗಾಳಿ ಕೋಣೆಯನ್ನು ತಂಪಾಗಿಡುತ್ತದೆ. ಕೆಳಗೆ ಸಾರಣೆ ಮಾಡದೆ ಬಿಟ್ಟರೆ ಛಾವಣಿಯಲ್ಲಿ ಕೆಂಪು ಚೌಕಗಳ ಸಾಲು ಕಾಣುತ್ತದೆ. ಬೇಕರ್ ಬಳಸಿದ ಹಂಚೆಲ್ಲ ಮಂಗಳೂರಿನಿಂದ ಬಂದದ್ದಲ್ಲ. ಆ ವೇಳೆಗೆ ಫೆರೋಕ್, ಒಲ್ಲೂರು, ಕೊಲ್ಲಗಳಲ್ಲೂ ಅದೇ ಮಾದರಿ ತಯಾರಾಗುತ್ತಿತ್ತು. ಹೆಸರು ಮಾತ್ರ ಇಂದಿಗೂ ಮಂಗಳೂರಿನದೇ.

ಈ ಎಲ್ಲ ಉಪಾಯಗಳನ್ನು ಒಟ್ಟಿಗೆ ನೋಡಬೇಕಾದರೆ ತಿರುವನಂತಪುರದ ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ಗೆ ಹೋಗಬೇಕು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ 1971ರಲ್ಲಿ ಕಟ್ಟಿದ ಸಂಸ್ಥೆ ಅದು. ಗುಡ್ಡದ ಏರಿಳಿತವನ್ನು ಸಮ ಮಾಡದೆ, ಮರಗಳ ಸುತ್ತ ಬಳಸಿಕೊಂಡು ಕಟ್ಟಡಗಳು ಬಾಗುತ್ತ ಸಾಗುತ್ತವೆ. ನಡುವೆ ಗ್ರಂಥಾಲಯದ ದುಂಡು ಗೋಪುರ. ಗಾಜಿನ ಕಿಟಕಿಗಳ ಜಾಗದಲ್ಲಿ ಇಟ್ಟಿಗೆಯ ಜಾಲಂಧ್ರಗಳಿವೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಕಲ್ಲಿನ ಜಾಲಂಧ್ರ ಬೆಳಕನ್ನು ಸೋಸುವುದನ್ನು ಕಂಡವರಿಗೆ, ಬರೀ ಇಟ್ಟಿಗೆ ಬಿಟ್ಟುಬಿಟ್ಟು ಜೋಡಿಸಿ ಅದೇ ಪರಿಣಾಮ ತಂದಿರುವುದು ಬೆರಗು ಹುಟ್ಟಿಸುತ್ತದೆ. ತಿರುವನಂತಪುರದಲ್ಲೇ 1880ರಲ್ಲಿ ಮುಗಿದ ನೇಪಿಯರ್ ಮ್ಯೂಸಿಯಂ ಇದೆ. ರಾಬರ್ಟ್ ಚಿಶೋಮ್ ಅವರ ಕೈಚಳಕ ಅದರಲ್ಲಿ ಧಾರಾಳವಾಗಿದೆ, ಕೇರಳದ ಮಾಡುಗಳನ್ನೂ ಅವರು ಪ್ರೀತಿಯಿಂದ ಎತ್ತಿಕೊಂಡಿದ್ದಾರೆ. ಆದರೂ ಅದು ನೋಡುವವರಿಗಾಗಿ ಸಿಂಗರಿಸಿಕೊಂಡ ಕಟ್ಟಡ. ಬೇಕರ್ ಅವರದು ಒಳಗೆ ಕೂತವರಿಗಾಗಿ ಕಟ್ಟಿದ್ದು.

ಕೊರತೆಗಳಿಲ್ಲವೆಂದಲ್ಲ. ದುಂಡು ಕೋಣೆಯಲ್ಲಿ ಕಪಾಟು ಗೋಡೆಗೆ ಒರಗುವುದಿಲ್ಲ. ಕೇರಳದ ಮಳೆಗೆ ಸಾರಣೆಯಿಲ್ಲದ ಇಟ್ಟಿಗೆ ಪಾಚಿ ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸಕ್ಕೆ ಪಳಗಿದ ಕೈ ಬೇಕು. ಬೇಕರ್ ದಿನವೂ ಕೆಲಸದ ಜಾಗದಲ್ಲಿ ಗಾರೆಯವರ ಜೊತೆಯೇ ಇರುತ್ತಿದ್ದರು. ಅವರಿದ್ದಾಗಲೇ 1985ರಲ್ಲಿ ತ್ರಿಶೂರಿನಲ್ಲಿ ಶುರುವಾದ ಕಾಸ್ಟ್‌ಫೋರ್ಡ್ ಸಂಸ್ಥೆ ಆ ವಿದ್ಯೆಯನ್ನು ಮುಂದುವರಿಸುತ್ತಿದೆ.

ನಮ್ಮ ವೈಟ್ಟಿಲದ ಸುತ್ತ ಈಗ ಎದ್ದಿರುವುದು ಎತ್ತರದ ಫ್ಲ್ಯಾಟುಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ‘ಬೇಕರ್ ಶೈಲಿ’ ಮನೆ ಕಾಣುತ್ತದೆ. ಬೆಂಗಳೂರಿನಲ್ಲೂ ಅಂಥವು ಇವೆ. ಕೆಲವು ಪ್ರಾಮಾಣಿಕವಾಗಿವೆ. ಇನ್ನು ಕೆಲವಲ್ಲಿ ಮಾಮೂಲಿ ಗೋಡೆಗೆ ಸಾರಣೆ ಮಾಡಿ, ಅದರ ಮೇಲೆ ಇಟ್ಟಿಗೆಯಂತೆ ಕಾಣುವ ತೆಳು ಟೈಲ್ಸ್ ಅಂಟಿಸಿರುತ್ತಾರೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೇಕರ್ ಕಳೆದದ್ದನ್ನೆಲ್ಲ ಹಣ ಕೊಟ್ಟು ಮತ್ತೆ ಕೂಡಿಸಿದ ಹಾಗೆ ಅದು. ನಿಜವಾದ ಬೇಕರ್ ಶೈಲಿಯ ಮನೆ ಕಟ್ಟಿಸುವ ಮನಸ್ಸಿದ್ದರೆ, ನಕ್ಷೆಗೆ ಮೊದಲು ಮೇಸ್ತ್ರಿಯನ್ನು ಹುಡುಕಿ. ಮೂರಡಿ ಎತ್ತರದ ಟೊಳ್ಳುಗೋಡೆಯೊಂದನ್ನು ಅವರಿಂದ ಕಟ್ಟಿಸಿ ನೋಡಿ. ವಿದ್ಯುತ್ ತಂತಿ ಎಲ್ಲಿ ಹೋಗುತ್ತದೆ, ಮಳೆ ಬಡಿಯುವ ದಿಕ್ಕಿಗೆ ಚಾಚು ಎಷ್ಟು ಬಿಡುತ್ತಾರೆ ಎಂದು ಕೇಳಿ. ಹಳೆ ಮನೆ ಕೆಡವುತ್ತಿದ್ದರೆ, ಅದರ ಹಂಚುಗಳನ್ನು ಗುಜರಿಗೆ ಕೊಡಬೇಡಿ. ತಾರಸಿಗೆ ಬೇಕಾಗುತ್ತವೆ.