ಶೂನ್ಯಕ್ಕೆ ಬಾರದ ಸ್ಕೋಪ್: ತಿರುಪು ಮೊದಲೇಕೆ?

ರೈಫಲ್ ಸ್ಕೋಪಿನ ಗೆರೆಗಳು ಕೂಡುವ ಬಿಂದುವಿಗೆ ಗುಂಡು ತಾಗದಿದ್ದರೆ, ‘ಒಂದು ಗುಂಡು ಹಾರಿಸಿ, ತಪ್ಪಿದಷ್ಟು ತಿರುಪು ತಿರುಗಿಸಿ’ ಎಂಬ ಸಲಹೆ ರೂಢಿಯಲ್ಲಿದೆ. ಸಲಹೆ ಸರಳ, ಆದರೆ ಅವೈಜ್ಞಾನಿಕ. ಒಂದೇ ಗುಂಡಿನಿಂದ ಕ್ರಮಬದ್ಧ ದೋಷವೆಷ್ಟು, ಯಾದೃಚ್ಛಿಕ ದೋಷವೆಷ್ಟು ಎಂಬುದು ತಿಳಿಯದು. ಪ್ರತಿ ಗುಂಡಿಗೂ ತಿದ್ದುತ್ತ ಹೋದರೆ ಚದುರುವಿಕೆ ಹೆಚ್ಚುತ್ತದೆಯೇ ಹೊರತು ತಗ್ಗದು.

ತಿರುಪು ಮುಟ್ಟದೆ, ಒಂದೇ ಬಿಂದುವಿಗೆ ಗುರಿಯಿಟ್ಟು ಐದು ಗುಂಡು ಹಾರಿಸಬೇಕು. ರಂಧ್ರಗಳು ಒತ್ತಾಗಿದ್ದು ಒಟ್ಟಾಗಿ ಪಕ್ಕಕ್ಕೆ ಸರಿದಿದ್ದರೆ ಮಾತ್ರ ತಿರುಪಿಗೆ ಕೆಲಸ. ಅನೇಕ ಸ್ಕೋಪುಗಳಲ್ಲಿ ಒಂದು ‘ಕ್ಲಿಕ್’ ಎಂದರೆ ಕಾಲು ಕೋನ-ಮಿನಿಟು. 100 ಮೀಟರ್ ದೂರದಲ್ಲಿ ಸುಮಾರು 7 ಮಿ.ಮೀ. ರಂಧ್ರಗಳು ಚದುರಿದ್ದರೆ, ಸ್ಕೋಪನ್ನು ಹಿಡಿದ ಬಳೆಗಳ ಸ್ಕ್ರೂ ಸಡಿಲವೇ, ಕಣ್ಣು ಸರಿಸಿದಾಗ ಗೆರೆಗಳೂ ಗುರಿಯ ಮೇಲೆ ಸರಿಯುತ್ತವೆಯೇ ಎಂದು ಮೊದಲು ಪರೀಕ್ಷಿಸಬೇಕು.

ಪ್ರಯೋಗಾಲಯದ ಸ್ಕ್ರೂಗೇಜಿಗೂ ಇದೇ ನಿಯಮ: ಶೂನ್ಯ ದೋಷವನ್ನು ಕಳೆಯುವ ಮೊದಲು ಅದು ಸ್ಥಿರವಾಗಿದೆಯೇ ಎಂದು ನೋಡಿ.